ಕಪ್ಪು ಗ್ರಾನೈಟ್ ಕಂಡರೆ ಹಿಂದೆ ಸರಿಯುವ ಕಸ ಗುಡಿಸುವ ರೋಬೋ

ಎಷ್ಟು ಪ್ಯಾಸ್ಕಲ್ ಹೀರುತ್ತದೆ, ಆಪ್‌ನಲ್ಲಿ ಎಷ್ಟು ಮೋಡ್ ಇವೆ ಎಂಬುದೆಲ್ಲ ಅಂಗಡಿಯ ಪುಟದಲ್ಲೇ ಇದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ತಲೆಯ ಮೇಲೆ ಮನೆಯ ನಕ್ಷೆ ಬರೆಯುವ ಲೇಸರ್ ಗೋಪುರವಿರುವ, ಗುಡಿಸುವ ಜೊತೆಗೆ ಒರೆಸುವ, 25 ಸಾವಿರ ರೂಪಾಯಿ ಆಸುಪಾಸಿನ ಯಂತ್ರವಿದು. ಬೆಂಗಳೂರಿನ ಧೂಳು, ಬೋರ್‌ವೆಲ್ ನೀರು, ಮಳೆಗಾಲದ ಥಂಡಿ ಎಲ್ಲವನ್ನೂ ಕಂಡಾಗಿದೆ. ಇಂಥದ್ದನ್ನು ಕೊಳ್ಳುವ ಯೋಚನೆಯಿದ್ದರೆ ಮೊದಲು ಬಗ್ಗಿ ನಿಮ್ಮ ನೆಲದ ಬಣ್ಣ ನೋಡಿ.

ಈಗಿನ ಮನೆಗಳಲ್ಲಿ ಒಳಕೋಣೆಗಳ ಬಾಗಿಲಿಗೆ ಮರದ ಹೊಸ್ತಿಲು ಹೋಗಿ ನಾಲ್ಕೈದು ಇಂಚು ಅಗಲದ ಗ್ರಾನೈಟ್ ಪಟ್ಟಿ ಬಂದಿದೆ. ಚಾಮರಾಜನಗರದ ಕಪ್ಪು ಕಲ್ಲು ಹೊರದೇಶಕ್ಕೂ ಹೋಗುವಂಥದ್ದು, ನಮ್ಮ ಮೇಸ್ತ್ರಿಗಳಿಗೂ ಅದೇ ಇಷ್ಟ. ಎತ್ತರದಲ್ಲಿ ಅಡ್ಡಿಯಿಲ್ಲ, ಎರಡು ಸೆಂಟಿಮೀಟರ್‌ವರೆಗಿನ ಉಬ್ಬನ್ನು ಇಂಥ ರೋಬೋಗಳು ಸಲೀಸಾಗಿ ಹತ್ತುತ್ತವೆ. ಅಡ್ಡಿಯಿರುವುದು ಬಣ್ಣದಲ್ಲಿ. ಪಟ್ಟಿಯವರೆಗೆ ಬರುತ್ತದೆ, ಗಕ್ಕನೆ ನಿಲ್ಲುತ್ತದೆ, ಒಂದು ಗೇಣು ಹಿಂದೆ ಸರಿಯುತ್ತದೆ. ಬೇರೆ ಕೋನದಿಂದ ಮತ್ತೆ ಬಂದು ಅಲ್ಲಿಯೇ ನಿಲ್ಲುತ್ತದೆ. ಬ್ಯಾಟರಿಯನ್ನು ಹೀಗೆ ಪೋಲು ಮಾಡಿ, ಕೊನೆಗೆ ‘ಕೋಣೆ ತಲುಪಲಾಗಲಿಲ್ಲ’ ಎಂದು ಫೋನಿಗೊಂದು ಸಂದೇಶ ಕಳಿಸಿ ವಾಪಸ್.

ಕಾರಣ ಯಂತ್ರದ ಹೊಟ್ಟೆಯ ಕೆಳಗಿದೆ. ಅಂಚಿನುದ್ದಕ್ಕೂ, ಮಾಡೆಲ್‌ಗೆ ತಕ್ಕಂತೆ, ನಾಲ್ಕರಿಂದ ಆರು ಪುಟ್ಟ ಕಿಟಕಿಗಳಿರುತ್ತವೆ. ಪ್ರತಿ ಕಿಟಕಿಯ ಹಿಂದೆ ಒಂದು ಇನ್‌ಫ್ರಾರೆಡ್ ಎಲ್‌ಇಡಿ, ಅದರ ಪಕ್ಕ ಬೆಳಕು ಹಿಡಿಯುವ ಸೆನ್ಸರ್. ನೆಲಕ್ಕೆ ಬಡಿದ ಬೆಳಕು ತಿರುಗಿ ಬಂದರೆ ಮುಂದೆ ನೆಲವಿದೆ, ಬರದಿದ್ದರೆ ಮೆಟ್ಟಿಲಿದೆ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಆ ಬೆಳಕಿನ ಬಹುಪಾಲನ್ನು ನುಂಗುತ್ತದೆ, ಮಿಕ್ಕಿದ್ದನ್ನು ಓರೆಯಾಗಿ ಬೇರೆಡೆಗೆ ಅಟ್ಟುತ್ತದೆ. ಲೇಸರ್ ಗೋಪುರ ಸೆಕೆಂಡಿಗೆ ಐದು ಸುತ್ತಿನಂತೆ ತಿರುಗಿ ಬಾಗಿಲು ತೆರೆದಿದೆಯೆಂದು ನಕ್ಷೆಯಲ್ಲಿ ಸರಿಯಾಗಿಯೇ ಬರೆದುಕೊಂಡಿರುತ್ತದೆ. ಆದರೆ ಅದು ನೋಡುವುದು ತನ್ನ ಎತ್ತರದಲ್ಲಿ ಅಡ್ಡಡ್ಡಲಾಗಿ ಮಾತ್ರ, ನೆಲದ ವಿಷಯದಲ್ಲಿ ಕೆಳಗಿನ ಸೆನ್ಸರ್‌ನದ್ದೇ ಕೊನೆಯ ಮಾತು. ಹಾಗಿರುವುದೇ ಸರಿ, ಇಲ್ಲವಾದರೆ ಡ್ಯೂಪ್ಲೆಕ್ಸ್ ಮನೆಗಳಲ್ಲಿ ದಿನಕ್ಕೊಂದು ರೋಬೋ ಮೆಟ್ಟಿಲುರುಳುತ್ತಿತ್ತು. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಈ ವಿಷಯ ಡಬ್ಬಿಯ ಮೇಲೆ ಎಲ್ಲೂ ಇಲ್ಲ, ಕೈಪಿಡಿಯ ಕೊನೆಯ ಪುಟಗಳಲ್ಲಿ ‘ಗಾಢ ಬಣ್ಣದ ನೆಲ’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದಾರೆ. ಸಹಾಯವಾಣಿಗೆ ಫೋನ್ ಮಾಡಿದರೆ ಫ್ಯಾಕ್ಟರಿ ರೀಸೆಟ್ ಮಾಡಿ ಎನ್ನುತ್ತಾರೆ. ರೀಸೆಟ್ ಮಾಡಿದರೆ ನಕ್ಷೆ ಅಳಿಸಿಹೋಗುತ್ತದೆ, ಕಲ್ಲಿನ ಬಣ್ಣ ಬದಲಾಗುವುದಿಲ್ಲ.

ಮೊದಲು ದೋಷ ಬಣ್ಣದ್ದೋ ಧೂಳಿನದ್ದೋ ಎಂದು ತಿಳಿದುಕೊಳ್ಳಿ, ಸೆನ್ಸರ್ ಕಿಟಕಿಗೆ ಧೂಳು ಮೆತ್ತಿದ್ದರೂ ಲಕ್ಷಣ ಇದೇ. ಒಣ ಬಟ್ಟೆಯಿಂದ ಕಿಟಕಿಗಳನ್ನು ಒರೆಸಿ, ಪಟ್ಟಿಯ ಮೇಲೆ ಬಿಳಿ ಹಾಳೆ ಅಂಟಿಸಿ, ಆ ಕೋಣೆಯೊಂದನ್ನೇ ಆಪ್‌ನಲ್ಲಿ ಆರಿಸಿ ಕಳಿಸಿ. ದಾಟಿದರೆ ಬಣ್ಣದ್ದೇ ತಕರಾರು. ಆಗ ಹೊಳಪಿಲ್ಲದ ಕೆನೆಬಣ್ಣದ ವಿನೈಲ್ ಸ್ಟಿಕರ್ ತನ್ನಿ. ರೋಬೋದ ಅಗಲ ಸುಮಾರು 35 ಸೆಂಟಿಮೀಟರ್, ಹಾಗಾಗಿ ಬಾಗಿಲ ನಡುವೆ 45 ಸೆಂಟಿಮೀಟರ್ ಉದ್ದದ ತುಂಡು ಸಾಕು. ಆದರೆ ಅದು ಪಟ್ಟಿಯ ಪೂರ್ತಿ ಅಗಲವನ್ನು ಮುಚ್ಚಿರಬೇಕು, ಅರ್ಧ ಇಂಚು ಕಪ್ಪು ಕಂಡರೂ ಅನುಮಾನಪಡುತ್ತದೆ. ಕಲ್ಲನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿಯೇ ಅಂಟಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆಯಾದರೆ ಪಕ್ಕದ ಬ್ರಷ್ ಕೆರೆದು ಕೆರೆದು ಎಬ್ಬಿಸುತ್ತದೆ. ನೋಡಲು ಚೆಂದವಿಲ್ಲ, ಮನೆಯವರು ಒಪ್ಪಲು ಸ್ವಲ್ಪ ಸಮಯ ಬೇಕು.

ಸೆನ್ಸರ್‌ಗೇ ಬಿಳಿ ಕಾಗದ ಅಂಟಿಸಿ ಮೋಸಮಾಡುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಮನೆಯೊಳಗೆ ಮೆಟ್ಟಿಲೋ ತಗ್ಗಿನ ಹಜಾರವೋ ಇದ್ದರೆ ಖಂಡಿತ ಬೇಡ. ಆಪ್‌ನಲ್ಲಿ ‘ಹೋಗಬಾರದ ಗೆರೆ’ ಎಳೆದಿದ್ದೇನಲ್ಲ ಎಂಬ ಧೈರ್ಯವೂ ಸಾಲದು. ಓಡುತ್ತಿರುವಾಗ ಯಾರಾದರೂ ಎತ್ತಿ ಬೇರೆಡೆ ಇಟ್ಟರೆ ನಕ್ಷೆಯಲ್ಲಿ ತಾನೆಲ್ಲಿದ್ದೇನೆಂಬುದೇ ಅದಕ್ಕೆ ತಪ್ಪಿಹೋಗಬಹುದು. ಜಾಗವೇ ಗೊತ್ತಿಲ್ಲದ ಮೇಲೆ ಗೆರೆಗೇನು ಬೆಲೆ?

ಲೇಸರ್‌ಗೂ ಒಂದು ಕುರುಡಿದೆ, ನೆಲದವರೆಗೆ ಕನ್ನಡಿಯಿರುವ ವಾರ್ಡ್‌ರೋಬ್. ಕನ್ನಡಿಯ ಆಚೆ ಇನ್ನೊಂದು ಕೋಣೆಯಿದೆ ಎಂದು ನಕ್ಷೆ ಬರೆದು, ಅದನ್ನು ಗುಡಿಸಲು ಹೊರಟು ಹಣೆ ಕುಟ್ಟಿಕೊಳ್ಳುತ್ತದೆ. ಗೋಪುರದ ಮಟ್ಟಕ್ಕೆ ಸರಿಯಾಗಿ, ಕನ್ನಡಿಗೆ ಅಡ್ಡಲಾಗಿ ಪಾರದರ್ಶಕವಲ್ಲದ ಟೇಪ್ ಅಂಟಿಸಿ ನಕ್ಷೆಯನ್ನು ಹೊಸದಾಗಿ ಮಾಡಿಸಿದರೆ ಸರಿಹೋಗುತ್ತದೆ.

ಕ್ಯಾಮೆರಾ ಇರುವ ಮಾಡೆಲ್ ಕೊಂಡರೆ ಇದೆಲ್ಲ ತಪ್ಪುತ್ತದೆಯೇ? ಗ್ರಾನೈಟ್ ಸಮಸ್ಯೆ ತಪ್ಪುವುದಿಲ್ಲ, ಹೊಟ್ಟೆಯ ಕೆಳಗೆ ಅವೇ ಸೆನ್ಸರ್‌ಗಳಿರುತ್ತವೆ. ಚಪ್ಪಲಿ, ವೈರ್, ಕಾಲುಚೀಲಗಳನ್ನು ಕ್ಯಾಮೆರಾ ಚೆನ್ನಾಗಿ ಗುರುತಿಸುತ್ತದೆ, ಮಂದ ಬೆಳಕಿನಲ್ಲಿ ತಡವರಿಸುತ್ತದೆ. ಅದಕ್ಕೆ ಕಲಿಸಿರುವ ಚಿತ್ರಗಳಲ್ಲಿ ನಮ್ಮ ಅಡುಗೆಮನೆಯ ಸಾಮಾನು ಕಡಿಮೆ. ಕ್ಯಾಮೆರಾ ಮಾಡೆಲೊಂದು ಊಟದ ಮಣೆಯನ್ನು ‘ತೂಕದ ಯಂತ್ರ’ ಎಂದು ನಕ್ಷೆಯಲ್ಲಿ ಗುರುತು ಹಾಕಿದ್ದನ್ನು ನೋಡಿದ್ದೇನೆ. ಹೆಸರು ತಪ್ಪಿದರೂ ಅದನ್ನು ಸುತ್ತಿ ಹೋಯಿತು, ಅಷ್ಟು ಸಾಕು. ಇನ್ನೊಂದು ವಿಷಯವೂ ಲೆಕ್ಕಕ್ಕಿರಲಿ. 2020ರಲ್ಲಿ ಪರೀಕ್ಷೆಯ ಹಂತದ ರೂಂಬಾ (ಐರೋಬೋಟ್ ಕಂಪನಿಯ ಗುಡಿಸುವ ರೋಬೋ) ಯಂತ್ರಗಳು ಮನೆಗಳೊಳಗೆ ತೆಗೆದ ಖಾಸಗಿ ಚಿತ್ರಗಳು, ಚಿತ್ರದಲ್ಲಿರುವ ವಸ್ತುಗಳಿಗೆ ಹೆಸರು ಹಚ್ಚುವ ಕೆಲಸಗಾರರ ಮೂಲಕ ಸಾಮಾಜಿಕ ಜಾಲತಾಣ ಸೇರಿದ್ದನ್ನು 2022ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ವರದಿ ಮಾಡಿತ್ತು. ಆ ಯಂತ್ರಗಳನ್ನು ಒಪ್ಪಿಗೆ ಕೊಟ್ಟವರೇ ಇಟ್ಟುಕೊಂಡಿದ್ದರು, ಮಾರಾಟಕ್ಕೆ ಬಂದವಲ್ಲ. ಆದರೂ ಮಲಗುವ ಕೋಣೆಗೆ ಬರೀ ಲೇಸರ್ ಇರುವುದೇ ವಾಸಿ ಎಂಬುದು ನನ್ನ ಲೆಕ್ಕ.

ಇಷ್ಟು ಬೈದರೂ ಇದನ್ನು ಮಾರುವ ಮನಸ್ಸು ಬಂದಿಲ್ಲ. ಮಂಚದ ಕೆಳಗೆ ಹೋಗುತ್ತದಲ್ಲ, ಆ ಒಂದಕ್ಕೇ ಎಷ್ಟೋ ಮಾಫಿ. ಪೊರಕೆ ತಲುಪದ ಗೋಡೆಯಂಚಿನ ಹತ್ತಿಯಂಥ ಧೂಳನ್ನು ನಡುಬಗ್ಗಿಸದೆ ದಿನವೂ ತೆಗೆಯಬಹುದೆಂದು ಯಾರೂ ಹೇಳಿರಲಿಲ್ಲ. ಬೆಳಗ್ಗೆ ಡಬ್ಬಿ ತೆಗೆದು ಕಸ ಸುರಿಯುವಾಗ ತೊಗರಿಬೇಳೆ, ಒಗ್ಗರಣೆಗೆ ಹಾಕುವಾಗ ಸಿಡಿದ ಸಾಸಿವೆ, ಒಣಗಿದ ಕರಿಬೇವಿನೆಲೆ, ಕಳೆದುಹೋಗಿದ್ದ ಕಿವಿಯೋಲೆಯ ತಿರುಪು, ಎಲ್ಲ ಕೈಗೆ ಸಿಗುತ್ತವೆ. ಕಸದ ಬುಟ್ಟಿಗೆ ಸುರಿಯುವ ಮುನ್ನ ಹಳೆಯ ಪತ್ರಿಕೆಯ ಮೇಲೆ ಹರಡಿ ನೋಡುವುದು ಈಗ ರೂಢಿ. ಗೋಪುರ ಸೇರಿ ಎತ್ತರ ಹತ್ತು ಸೆಂಟಿಮೀಟರ್ ಹತ್ತಿರ ಬರುತ್ತದೆ, ಮಂಚದ ಕೆಳಗೆ ಹನ್ನೊಂದಾದರೂ ಇರಲಿ. ಸರಿಯಾಗಿ ಹತ್ತೇ ಸೆಂಟಿಮೀಟರ್ ಇದ್ದರೆ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಬಿಡುವ ಮುನ್ನ ಮಾಡಬೇಕಾದದ್ದು ಐದು ನಿಮಿಷದ ಕೆಲಸ. ಜಮಖಾನದ ಕುಚ್ಚನ್ನು ಒಳಗೆ ಮಡಚುವುದು, ಚಾರ್ಜರ್ ವೈರ್ ಎತ್ತುವುದು, ಹೂ ಕಟ್ಟಿ ಉಳಿದ ದಾರ ಹೆಕ್ಕುವುದು. ದಾರವೇ ದೊಡ್ಡ ಶತ್ರು. ಕೂದಲು ಬ್ರಷ್‌ನ ನಡುವೆ ಸುತ್ತಿಕೊಂಡರೆ ಕಣ್ಣಿಗೆ ಬೀಳುತ್ತದೆ, ದಾರ ಎರಡು ತುದಿಯ ಬೇರಿಂಗ್ ಒಳಗೆ ಹೋಗಿ ಬಿಗಿಯುತ್ತದೆ. ವಾರಕ್ಕೊಮ್ಮೆ ಬ್ರಷ್ ಹೊರತೆಗೆದು, ತುದಿಯ ಕ್ಯಾಪ್ ಎಳೆದು, ಸುತ್ತಿಕೊಂಡದ್ದನ್ನು ಕತ್ತರಿಯಿಂದ ಸೀಳಿ ತೆಗೆಯಬೇಕು. ಬಿಟ್ಟರೆ ಮೋಟರ್ ಹೆಚ್ಚು ಕರೆಂಟ್ ಎಳೆದು ಯಂತ್ರ ನಡುವೆಯೇ ನಿಲ್ಲುತ್ತದೆ. ಮುಂದಿನ ಪುಟ್ಟ ಚಕ್ರವನ್ನೂ ಎಳೆದು ತೆಗೆದು ಅದರ ಅಚ್ಚು ನೋಡಿ, ಅದು ತಿರುಗದೆ ಉಜ್ಜುತ್ತಾ ಹೋದರೆ ನೆಲದ ಮೇಲೆ ಗೀರು ಬೀಳುತ್ತದೆ.

ಬಾಗಿಲ ಮುಂದಿನ ರಂಗೋಲಿ ಒಳಗೆ ತುಳಿದು ಬಂದರೆ ಅದರ ಕಲ್ಲುಪುಡಿ ಫಿಲ್ಟರ್‌ನ ಮಡಿಕೆಗಳಲ್ಲಿ ಕೂರುತ್ತದೆ, ಹೀರುವ ಶಕ್ತಿ ಇಳಿದದ್ದು ಸದ್ದಿನಲ್ಲೇ ಗೊತ್ತಾಗುತ್ತದೆ. ತಟ್ಟಿ ಕೊಡವಿ, ಸಾಲದಿದ್ದರೆ ಬರೀ ನೀರಿನಲ್ಲಿ ತೊಳೆದು, ಪೂರ್ತಿ ಒಂದು ದಿನ ಒಣಗಿಸಿ. ತೊಳೆಯಬಹುದಾದ ಫಿಲ್ಟರ್ ಹೌದೇ ಎಂದು ಮೊದಲು ನೋಡಿಕೊಳ್ಳಿ.

ಒರೆಸುವ ಕೆಲಸಕ್ಕೆ ಹೆಚ್ಚು ಅಂಕ ಕೊಡಲಾರೆ. ಒದ್ದೆ ಬಟ್ಟೆಯನ್ನು ಎಳೆದುಕೊಂಡು ಹೋಗುತ್ತದೆ ಅಷ್ಟೆ, ಒಣಗಿದ ಸಾರಿನ ಕಲೆ ಇದ್ದಲ್ಲೇ ಇರುತ್ತದೆ. ಬೋರ್‌ವೆಲ್ ನೀರು ಹಾಕಿದರೆ ಟ್ಯಾಂಕಿನ ಸಣ್ಣ ತೂತುಗಳಲ್ಲಿ ಬಿಳಿ ಗಾರೆ ಕಟ್ಟಿ ನೀರು ಇಳಿಯುವುದು ನಿಲ್ಲುತ್ತದೆ. ಆರ್‌ಒದಲ್ಲಿ ಶುದ್ಧವಾದ ಕುಡಿಯುವ ನೀರು ಹಾಕಿ. ಆರ್‌ಒ ಯಂತ್ರ ವ್ಯರ್ಥವೆಂದು ಹೊರಬಿಡುವ ನೀರಿನಲ್ಲಿ ಲವಣ ಇನ್ನೂ ಜಾಸ್ತಿ, ಉಳಿತಾಯವೆಂದು ಅದನ್ನು ಸುರಿಯಬೇಡಿ. ಫಿನಾಯಿಲ್ ಬೇಡವೇ ಬೇಡ.

ಯಂತ್ರ ಚಾರ್ಜ್ ಆಗಲು ಮರಳುವ ಡಾಕ್‌ನ ಎರಡೂ ಪಕ್ಕ ಅರ್ಧ ಮೀಟರ್, ಮುಂದೆ ಒಂದೂವರೆ ಮೀಟರ್ ಖಾಲಿ ಬಿಡಿ, ನೇರ ಬಿಸಿಲು ಬೀಳುವ ಜಾಗ ತಪ್ಪಿಸಿ. ಬಿಸಿಲಿನ ಇನ್‌ಫ್ರಾರೆಡ್ ಡಾಕ್‌ನ ಸಂಕೇತವನ್ನು ಮುಳುಗಿಸಿದರೆ ಎದುರು ಬಂದು ನಿಂತೂ ದಾರಿ ಹುಡುಕುತ್ತದೆ. ಕರೆಂಟ್ ಹೋದಾಗಲೂ ಇದೇ ಪಾಡು, ಡಾಕ್ ಇನ್ವರ್ಟರ್ ಲೈನಿನಲ್ಲಿದ್ದರೆ ತಾಪತ್ರಯವಿಲ್ಲ. ಕಸವನ್ನು ತಾನೇ ಎಳೆದುಕೊಳ್ಳುವ ದೊಡ್ಡ ಸ್ಟೇಷನ್ ಆದರೆ ಕೆಲವು ಸೆಕೆಂಡು ನೂರಾರು ವಾಟ್ ಬೇಡುತ್ತದೆ, ಅದನ್ನು ಸಣ್ಣ ಇನ್ವರ್ಟರ್‌ಗೆ ಹಾಕಬೇಡಿ. ವೈಫೈ ಅನೇಕ ಮಾಡೆಲ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ, ರೂಟರ್‌ನ ಎರಡು ಬ್ಯಾಂಡ್‌ಗೂ (2.4 ಮತ್ತು 5 ಗಿಗಾಹರ್ಟ್ಸ್) ಒಂದೇ ಹೆಸರಿದ್ದು ಜೋಡಣೆ ಆಗದಿದ್ದರೆ ಬೇರೆ ಬೇರೆ ಹೆಸರು ಕೊಟ್ಟು ನೋಡಿ.

ಬಿಡಿಭಾಗಗಳಲ್ಲಿ ಮಾಡೆಲ್‌ಗೆ ಹೊಂದುವ ಪಕ್ಕದ ಬ್ರಷ್ ಯಾವ ಕಂಪನಿಯದಾದರೂ ನಡೆಯುತ್ತದೆ. ಫಿಲ್ಟರ್ ಮಾತ್ರ ಮೂಲದ್ದೇ ಇರಲಿ, ಅಗ್ಗದ್ದರ ಅಂಚು ಸಡಿಲವಾಗಿ ಧೂಳು ನೇರ ಫ್ಯಾನಿಗೆ ಹೋಗುತ್ತದೆ. ಮಳೆಗಾಲದಲ್ಲಿ ತೊಳೆದ ಫಿಲ್ಟರ್ ಎರಡು ದಿನವಾದರೂ ಆರುವುದಿಲ್ಲ, ಹಸಿಯಿದ್ದಾಗಲೇ ಹಾಕಿದರೆ ಮನೆಯೆಲ್ಲ ಮುಗ್ಗಲು ವಾಸನೆ. ಜೂನ್‌ಗೆ ಮೊದಲೇ ಇನ್ನೊಂದು ಫಿಲ್ಟರ್ ತರಿಸಿಟ್ಟುಕೊಳ್ಳಿ.