ಒಂದು ಅಕ್ಷರ, ನಾಲ್ಕು ಅಂಕಿ: ಹೆಲ್ಮೆಟ್ಟಿನ ಒಡೆಯನನ್ನು ಹುಡುಕಿಕೊಡುವ ಸೇವೆ

ನನ್ನ ಬಳಿಯಿರುವ ಎರಡನೆಯ ಮಹಾಯುದ್ಧ ಕಾಲದ ಅಮೆರಿಕನ್ ಎಂ-1 ಹೆಲ್ಮೆಟ್ಟನ್ನು ಮೊದಲು ತೊಟ್ಟವನು ಯಾರೆಂದು ತಿಳಿಯಲು, ಸೇನಾ ದಾಖಲೆಗಳನ್ನು ಹುಡುಕಿಕೊಡುವ ಸಂಸ್ಥೆಯೊಂದಕ್ಕೆ ಹಣ ಕಟ್ಟಿದ್ದೆ. ಮೊದಲ ವರದಿ ನಿರಾಸೆ ತಂದಿತು. ಉಕ್ಕಿನ ಚಿಪ್ಪಿನ ಒಳಗೆ, ಮುಂಭಾಗದಲ್ಲಿ ಒತ್ತಿದ್ದ ಅಂಕಿಗಳನ್ನೇ ಅವರು ಸೈನಿಕನ ಸಂಖ್ಯೆಯೆಂದು ಭಾವಿಸಿದ್ದರು. ಅದು ಉಕ್ಕನ್ನು ಯಾವ ಸರದಿಯಲ್ಲಿ ಕರಗಿಸಲಾಯಿತೆಂದು ತಿಳಿಸುವ ಕಾರ್ಖಾನೆಯ ಗುರುತಷ್ಟೇ. ಇಂಥ ಪ್ರಾಥಮಿಕ ತಪ್ಪಿಗೆ ಶುಲ್ಕ ತೆತ್ತವನಿಗೆ ಸಿಟ್ಟು ಬರುವುದು ಸಹಜ.

ಆಕ್ಷೇಪಿಸಿದ ಮೇಲೆ ಕೆಲಸ ಬೇರೊಬ್ಬ ಸಂಶೋಧಕರ ಕೈಗೆ ಹೋಯಿತು. ಟಾರ್ಚನ್ನು ಓರೆಯಾಗಿ ಹಿಡಿದು, ಉಕ್ಕಿನ ಚಿಪ್ಪಿನೊಳಗೆ ಕೂರುವ ಒಳಟೊಪ್ಪಿಯಾದ ಲೈನರ್‌ನ ಚಿತ್ರ ತೆಗೆಯುವಂತೆ ಅವರು ಸೂಚಿಸಿದರು. ಹಾಗೆ ಮಾಡಿದಾಗ, ಬೆವರು ಕುಡಿದು ಕಪ್ಪಾಗಿದ್ದ ಚರ್ಮದ ಪಟ್ಟಿಯ ಮೇಲೆ ಮಾಸಿದ ಶಾಯಿಯಲ್ಲಿ ಒಂದು ಅಕ್ಷರವೂ ನಾಲ್ಕು ಅಂಕಿಗಳೂ ಕಂಡವು. ಕುಲನಾಮದ ಮೊದಲಕ್ಷರ ಮತ್ತು ಸೇನಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ತಮ್ಮ ಸಾಮಾನಿನ ಮೇಲೆ ಬರೆದುಕೊಳ್ಳುವುದು ಆ ಸೈನಿಕರ ರೂಢಿಯಾಗಿತ್ತು.

ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಸುಮಾರು 90 ಲಕ್ಷ ಸೇರ್ಪಡೆ ದಾಖಲೆಗಳಿರುವುದರಿಂದ, ಇಷ್ಟು ಸುಳಿವಿಗೆ ಹತ್ತಾರು ಹೆಸರುಗಳು ಹೊಂದುತ್ತವೆ. ಸೇಂಟ್ ಲೂಯಿಸ್‌ನಲ್ಲಿ ಸೇನಾ ಕಡತಗಳನ್ನು ಇಟ್ಟಿದ್ದ ಕಟ್ಟಡದಲ್ಲಿ 1973ರಲ್ಲಿ ಸಂಭವಿಸಿದ ಬೆಂಕಿಯಲ್ಲಿ, 1912ರಿಂದ 1960ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇ. 80ರಷ್ಟು ಸುಟ್ಟುಹೋಗಿದ್ದು, ಅದನ್ನೂ ಆ ಸಂಶೋಧಕರು ವರದಿಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಯಾವುದೋ ಒಂದು ಹೆಸರನ್ನು ಆರಿಸಿ ನನ್ನನ್ನು ಖುಷಿಪಡಿಸಬಹುದಿತ್ತು; ಹಾಗೆ ಮಾಡದ್ದೇ ಈ ಸೇವೆಗೆ ನಾನು ಐದರಲ್ಲಿ ಮೂರು ಅಂಕ ಕೊಡಲು ಕಾರಣ.