ಓದುಗರ ಉತ್ತರಕ್ಕೆ ರಿಪ್ಲೈ ಕಾರ್ಡು: ಒಂದು ಅಂಚೆ ಸೇವೆಯ ವಿಮರ್ಶೆ

ಸ್ವಂತ ಖರ್ಚಿನಲ್ಲಿ ಪ್ರಬಂಧಗಳ ಸಂಕಲನವನ್ನು ಅಚ್ಚು ಹಾಕಿಸಿ, ಕಾಸರಗೋಡು, ವಿಟ್ಲ, ಪುತ್ತೂರು, ಮಂಗಳೂರು ಕಡೆಯ ಓದುಗರಿಗೆ ನೇರವಾಗಿ ಕಳುಹಿಸುವ ನನ್ನಂಥವರಿಗೆ, ಪುಸ್ತಕ ತಲುಪಿದ ಮೇಲೆ ಅವರೊಡನೆ ಮಾತುಕತೆ ಹೇಗೆ ಮುಂದುವರಿಯಬೇಕೆಂಬುದು ಆಲೋಚಿಸಿಯೇ ತೀರ್ಮಾನಿಸಬೇಕಾದ ವಿಷಯ. ಮೊಬೈಲ್ ಸಂಖ್ಯೆಯನ್ನು ಅಚ್ಚು ಹಾಕಿದರೆ ಕರೆಗಳೇನೋ ಬರುತ್ತವೆ, ಆದರೆ ಹೆಚ್ಚಿನವು ‘ಪುಸ್ತಕ ಸಿಕ್ಕಿತು, ಚೆನ್ನಾಗಿದೆ’ ಎಂಬಲ್ಲಿಗೆ ಮುಗಿಯುತ್ತವೆ. ವಾಟ್ಸ್‌ಆ್ಯಪ್ ಗುಂಪು ಕಟ್ಟಿದರೆ ಶುಭಾಶಯಗಳ ರಾಶಿಯಲ್ಲಿ ಪುಸ್ತಕದ ಮಾತನ್ನು ಹುಡುಕಬೇಕಾಗುತ್ತದೆ. ಆದುದರಿಂದ ನಾನು ಅಂಚೆ ಇಲಾಖೆಯ ರಿಪ್ಲೈ ಕಾರ್ಡನ್ನು ಆರಿಸಿಕೊಂಡೆ.

ಇದು ಒಂದಕ್ಕೊಂದು ಅಂಟಿಕೊಂಡಿರುವ ಎರಡು ಕಾರ್ಡುಗಳ ಜೋಡಿ. ಒಂದರಲ್ಲಿ ನಾವು ಬರೆಯುತ್ತೇವೆ, ಇನ್ನೊಂದರ ಮೇಲೆ ನಮ್ಮದೇ ವಿಳಾಸ ಬರೆದು ಕಳುಹಿಸುತ್ತೇವೆ. ಓದುಗರು ಅದನ್ನು ಹರಿದು, ಉತ್ತರ ಬರೆದು ಡಬ್ಬಿಗೆ ಹಾಕಿದರೆ ಸಾಕು. 1879ರಲ್ಲಿ ಕಾಲಾಣೆಗೆ ಆರಂಭವಾದ ಸಾದಾ ಅಂಚೆ ಕಾರ್ಡಿನ ಬೆಲೆ ಈಗ 50 ಪೈಸೆ, ಜೋಡಿಗೆ 1 ರೂಪಾಯಿ. ಉತ್ತರದ ಖರ್ಚನ್ನು ಬರೆದವನೇ ಮೊದಲೇ ಹೊತ್ತಿರುವುದರಿಂದ ‘ನಿಮ್ಮ ಮಾತು ನನಗೆ ಬೇಕು’ ಎಂಬ ಆಹ್ವಾನ ಓದುಗರಿಗೆ ನೇರವಾಗಿ ಮುಟ್ಟುತ್ತದೆ. ಈ ಸೇವೆಯಲ್ಲಿ ನಾನು ಬಹಳವಾಗಿ ಮೆಚ್ಚುವ ಗುಣ ಇದು.

ಆದರೆ ಕಾರ್ಡು ಕಳುಹಿಸಿದ ಮಾತ್ರಕ್ಕೆ ಒಳ್ಳೆಯ ಉತ್ತರ ಬರುವುದಿಲ್ಲ. ‘ಅಭಿಪ್ರಾಯ ತಿಳಿಸಿರಿ’ ಎಂದು ಬರೆದರೆ ಹೊಗಳಿಕೆಯೇ ಬರುತ್ತದೆ. ಒಂದೇ ಒಂದು ಖಚಿತ ಪ್ರಶ್ನೆಯನ್ನು ಕೇಳಬೇಕು. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆಯುವ ಸುರಂಗಗಳ ಬಗೆಗಿನ ಪ್ರಬಂಧವನ್ನು ಓದಿದವರಿಗೆ ‘ನಿಮ್ಮ ತೋಟದ ಸುರಂಗದ ನೀರು ಕೆರೆಗೆ ಹೇಗೆ ಬರುತ್ತದೆ?’ ಎಂದು ನಾನು ಕೇಳಿದ್ದೆ. ಹಿರಿಯರೊಬ್ಬರ ಉತ್ತರ ಕಾರ್ಡಿನ ಅಂಚಿನವರೆಗೂ ತುಂಬಿಕೊಂಡು, ಸ್ಥಳ ಸಾಲದೆ ವಿಳಾಸದ ಪಕ್ಕಕ್ಕೂ ಹರಿದಿತ್ತು: ಒಳಗೆ ಮಣ್ಣಿನ ಕಟ್ಟೆ, ಅಲ್ಲಿಂದ ನೀರು ಹರಿಸುವ ಅಡಿಕೆ ಮರದ ದಂಬೆ, ದಂಬೆಯ ತುದಿಗೆ ಕೆರೆ, ಈಗ ದಂಬೆಯ ಬದಲಿಗೆ ಪೈಪು, ಪೈಪು ಬಂದ ಮೇಲೆ ಮನೆಯ ಮಕ್ಕಳಿಗೆ ನೀರಿನ ಸದ್ದೇ ತಿಳಿಯದು. ಅವರ ಕೊನೆಯ ಸಾಲು ನನ್ನ ಪ್ರಬಂಧದಲ್ಲಿ ಎಲ್ಲಿಯೂ ಇಲ್ಲದ ವಿಚಾರ. ಇಂಥ ಪತ್ರಕ್ಕೆ ಮರುಪತ್ರ ಬರೆಯಲೇಬೇಕು, ಬರೆದೆ. ಬರೀ ಮೆಚ್ಚುಗೆ ಸೂಚಿಸಿದವರಿಗೆ ಮುಂದಿನ ಪುಸ್ತಕದೊಡನೆ ಕೃತಜ್ಞತೆ ಹೇಳಿದರೆ ಸಾಕು ಎಂದು ನಿರ್ಧರಿಸಿದ್ದೇನೆ. ಎಲ್ಲರಿಗೂ ಒಂದೇ ಒಕ್ಕಣೆಯ ಉತ್ತರ ಕಳುಹಿಸುವುದಕ್ಕಿಂತ ಇದು ಹೆಚ್ಚು ಪ್ರಾಮಾಣಿಕ.

ಕಾರ್ಡು ತೆರೆದ ಪತ್ರವಾದುದರಿಂದ ಅಂಚೆಯವರೂ ಮನೆಯವರೂ ಅದನ್ನು ಓದಬಲ್ಲರು. ಹಾಗೆಂದು ಅದನ್ನು ಮುಂದಿನ ಪುಸ್ತಕದಲ್ಲಿ ಅಚ್ಚು ಹಾಕುವ ಹಕ್ಕು ನಮಗೆ ಬರುವುದಿಲ್ಲ, ಓದುಗರ ಒಪ್ಪಿಗೆಯನ್ನು ಬೇರೆಯಾಗಿಯೇ ಕೇಳಬೇಕು. ಮನೆಯ ವಿಳಾಸ ಕೊಡಲು ಹಿಂಜರಿಯುವವರು, ಮುಖ್ಯವಾಗಿ ಒಂಟಿಯಾಗಿರುವ ಲೇಖಕಿಯರು, ಅಂಚೆ ಕಚೇರಿಯಲ್ಲಿ ಬಾಡಿಗೆಗೆ ದೊರೆಯುವ ಪೋಸ್ಟ್ ಬಾಕ್ಸ್ ಸಂಖ್ಯೆಯನ್ನು ಬಳಸುವುದು ಒಳ್ಳೆಯದು.

ಗಡಿನಾಡಿನವರು ಗಮನಿಸಬೇಕಾದ ಒಂದು ಸಂಗತಿಯಿದೆ. ಮಂಜೇಶ್ವರದ ಪಿನ್ 671323, ಪುತ್ತೂರಿನದು 574201. ನೆರೆಯ ಊರುಗಳೇ ಆದರೂ ಪಿನ್‌ನ ಮೊದಲ ಅಂಕೆ 6ರಿಂದ 5ಕ್ಕೆ, ಅಂದರೆ ಕೇರಳದ ಅಂಚೆ ವೃತ್ತದಿಂದ ಕರ್ನಾಟಕದ ವೃತ್ತಕ್ಕೆ ಕಾರ್ಡು ದಾಟಬೇಕು. ನಮ್ಮ ಊರಿನೊಳಗೆ ಕನ್ನಡದ ವಿಳಾಸ ಸಾಕಾಗುತ್ತದೆ, ಆದರೆ ದೂರದಿಂದ ನಮಗೆ ಮರಳಬೇಕಾದ ಭಾಗದಲ್ಲಿ ಕನ್ನಡದೊಂದಿಗೆ ಇಂಗ್ಲಿಷಿನಲ್ಲಿಯೂ ಊರಿನ ಹೆಸರನ್ನು ಬರೆದು, ಪಿನ್ ಅಂಕೆಗಳನ್ನು ಬಿಡಿಸಿ ಬರೆಯುವುದು ಕ್ಷೇಮ.

ಕೊರತೆಗಳೂ ಇವೆ. ಕಾರ್ಡು ಎಲ್ಲಿಗೆ ತಲುಪಿತೆಂದು ತಿಳಿಯುವ ವ್ಯವಸ್ಥೆಯಿಲ್ಲ. ಸಣ್ಣ ಕಚೇರಿಗಳಲ್ಲಿ ರಿಪ್ಲೈ ಕಾರ್ಡು ಸಿಗದಿದ್ದರೆ ಎರಡು ಸಾದಾ ಕಾರ್ಡುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸಬೇಕಾಗುತ್ತದೆ, ಆಗ ಖರ್ಚು ಹೆಚ್ಚು. ಪುಸ್ತಕವನ್ನು ಕಳುಹಿಸಲು 2025ರ ಮೇ 1ರಂದು ಆರಂಭವಾದ ಜ್ಞಾನ್ ಪೋಸ್ಟ್ ಸೇವೆಯಿದೆ, 300 ಗ್ರಾಂವರೆಗೆ 20 ರೂಪಾಯಿಯ ದರ ಘೋಷಿಸಲಾಗಿತ್ತು. ಪುಸ್ತಕ ತಲುಪಿ, ಓದಲು ಸಾಕಷ್ಟು ಸಮಯ ಕಳೆದ ಮೇಲೆ ಕಾರ್ಡನ್ನು ಪ್ರತ್ಯೇಕವಾಗಿ ಕಳುಹಿಸುವುದೇ ಸೂಕ್ತವೆಂದು ನನ್ನ ಅನುಭವ. ಗಲ್ಫ್ ದೇಶಗಳಲ್ಲಿ ದುಡಿಯುತ್ತಿರುವ ನಮ್ಮೂರಿನ ಓದುಗರಿಗೆ ಮಾತ್ರ ಈ ಕಾರ್ಡು ಉಪಯೋಗಕ್ಕಿಲ್ಲ, ಇದು ದೇಶದೊಳಗಿನ ಸೇವೆ. ಅವರಿಗೆ ಅದೇ ಪ್ರಶ್ನೆಯನ್ನು ಇಮೇಲ್‌ನಲ್ಲಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಹೆಸರು ಹಿಡಿದು ಬರೆಯುತ್ತಿದ್ದೇನೆ.