ಒಂದು ರೂಪಾಯಿ ಎಂದು ತೋರಿಸಿದ ಕಿಟಕಿ: ಕನ್ನಡ ಕೋಡಿಂಗ್ ಆ್ಯಪ್, ಹದಿನಾಲ್ಕು ತಿಂಗಳ ಬಳಕೆಯ ನಂತರ

ದಾವಣಗೆರೆಯ ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ವಯಸ್ಸು ನಲವತ್ತೇಳು. ತೂಕದ ಚೀಟಿಗಳನ್ನು ಕೂಡಿಸುವ ಕೆಲಸವನ್ನು ಕಂಪ್ಯೂಟರಿಗೆ ನಾನೇ ಹೇಳಿಕೊಡಬೇಕೆಂಬ ಹಟದಿಂದ, ಪೈಥಾನ್ ಭಾಷೆಯನ್ನು ಕನ್ನಡದಲ್ಲಿ ಕಲಿಸುವ ಈ ಆ್ಯಪ್‌ಗೆ ವರ್ಷಕ್ಕೆ 1,800 ರೂಪಾಯಿ ಚಂದಾ ಕಟ್ಟಿದೆ, ಒಮ್ಮೆ ನವೀಕರಿಸಿಯೂ ಆಯಿತು. ಪಾಠಗಳೆಷ್ಟು, ಪ್ರಮಾಣಪತ್ರ ಯಾವಾಗ ಎಂಬುದೆಲ್ಲ ಅವರ ಜಾಹೀರಾತಿನಲ್ಲೇ ಇರುವುದರಿಂದ ಅದನ್ನು ಬಿಟ್ಟು, ನನ್ನನ್ನು ಈ ಆ್ಯಪ್‌ಗೆ ಅಂಟಿಸಿದ ಮತ್ತು ಅದೇ ಆ್ಯಪ್ ಮೇಲೆ ಸಿಟ್ಟು ತರಿಸಿದ ಒಂದೇ ಒಂದು ಸೌಲಭ್ಯದ ಬಗ್ಗೆ ಬರೆಯುತ್ತೇನೆ.

ಅದರ ಹೆಸರು ‘ಹೆಜ್ಜೆ ಕಿಟಕಿ’. ಬರೆದ ಪ್ರೋಗ್ರಾಮನ್ನು ಒಂದೇ ಉಸಿರಿಗೆ ಓಡಿಸದೆ, ಗುಂಡಿ ಒತ್ತಿದಂತೆಲ್ಲ ಒಂದೊಂದೇ ಸಾಲು ನಡೆಸಿ, ಆ ಕ್ಷಣಕ್ಕೆ ಯಾವ ಹೆಸರಿನಲ್ಲಿ ಯಾವ ಬೆಲೆ (ಅಂದರೆ ಯಾವ ಸಂಖ್ಯೆ ಅಥವಾ ಅಕ್ಷರ) ಇದೆ ಎಂಬುದನ್ನು ಬಲಗಡೆಯ ಕಿಟಕಿಯಲ್ಲಿ ಕನ್ನಡದ ವಿವರಣೆಯೊಡನೆ ತೋರಿಸುತ್ತದೆ. ಬೆಳಿಗ್ಗೆ ಐದೂಕಾಲಿಗೆ ಚಹಾ ಮಾಡಿಕೊಂಡು, ಹಳೆಯ ಲ್ಯಾಪ್‌ಟಾಪ್ ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್ ತೆರೆದು, ಸ್ಕೇಲ್ ಹಿಡಿದು ಮೂರು ಕಾಲಂ ಗೀಟು ಹಾಕುವುದು ನನ್ನ ರೂಢಿಯಾಯಿತು. ಮೊದಲನೆಯದರಲ್ಲಿ ಸುತ್ತು, ಎರಡನೆಯದರಲ್ಲಿ ಚೀಲದ ತೂಕ, ಮೂರನೆಯದರಲ್ಲಿ ಮೊತ್ತ. ಗುಂಡಿ ಒತ್ತುವ ಮೊದಲು ಮುಂದಿನ ಬೆಲೆಯನ್ನು ಪೆನ್ಸಿಲಿನಲ್ಲಿ ಊಹಿಸಿ ಬರೆಯುತ್ತೇನೆ. ಒತ್ತಿದ ಮೇಲೆ ತಾಳೆಯಾದರೆ ಪೆನ್ನಿನಲ್ಲಿ ಟಿಕ್ ಹಾಕುತ್ತೇನೆ. ಮಂಡಿಯಲ್ಲಿ ಚೀಟಿಗೂ ಖಾತೆಗೂ ತಾಳೆ ನೋಡಿದಂತೆಯೇ ಇದು, ಆದ್ದರಿಂದ ಕೈಗೆ ಹೊಸದೆನಿಸಲಿಲ್ಲ.

ಲೂಪ್, ಅಂದರೆ ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮತ್ತೆ ಮತ್ತೆ ಮಾಡಿಸುವ ಸಾಲುಗಳು, ಏನೆಂದು ನನಗೆ ನಿಜವಾಗಿ ತಿಳಿದದ್ದು ಈ ಕಿಟಕಿಯಿಂದ. ಒಂದರಿಂದ ಹತ್ತರವರೆಗೆ ಎಂದು ರೇಂಜ್ ಕೊಟ್ಟರೆ ಅದು ಒಂಬತ್ತಕ್ಕೇ ನಿಲ್ಲುತ್ತದೆ ಎಂಬ ಮಾತನ್ನು ವೀಡಿಯೊದಲ್ಲಿ ಮೂರು ಸಲ ಕೇಳಿದ್ದರೂ, ನೋಟ್‌ಬುಕ್ಕಿನ ಹತ್ತನೆಯ ಸಾಲು ಖಾಲಿ ಉಳಿದಾಗಲೇ ಅದು ತಲೆಗೆ ಹತ್ತಿದ್ದು. ಮೊತ್ತವನ್ನು ಸೊನ್ನೆ ಮಾಡುವ ಸಾಲನ್ನು ನಾನು ಗೊತ್ತಿಲ್ಲದೆ ಲೂಪಿನ ಒಳಗೆ ಬರೆದಿದ್ದರಿಂದ, ಎಷ್ಟು ಚೀಲ ಹಾಕಿದರೂ ಕೊನೆಯ ಚೀಲದ ತೂಕವೊಂದೇ ಉತ್ತರವಾಗಿ ಬರುತ್ತಿತ್ತು. ಕಿಟಕಿಯಲ್ಲಿ ಪ್ರತಿ ಸುತ್ತಿಗೂ ಮೊತ್ತ ಸೊನ್ನೆಗೆ ಬೀಳುವುದನ್ನು ಕಂಡು ಒಬ್ಬನೇ ನಕ್ಕೆ. ಇನ್‌ಪುಟ್ ಎಂಬ, ಟೈಪ್ ಮಾಡಿದ್ದನ್ನು ಪ್ರೋಗ್ರಾಮಿಗೆ ತಲುಪಿಸುವ ಆದೇಶದ ಮೂಲಕ ಎರಡು ಚೀಲದ ತೂಕ 52 ಮತ್ತು 48 ಎಂದು ಕೊಟ್ಟಾಗ ಒಂದು ಕ್ವಿಂಟಾಲ್ ಆಗಬೇಕಾದದ್ದು 5248 ಆಗಿ ನಿಂತದ್ದು ಇನ್ನೊಂದು ಬೆಳಗಿನ ಕಥೆ. ಇನ್‌ಪುಟ್ ಕೊಡುವುದು ಅಕ್ಷರಗಳ ಸಾಲನ್ನೇ ಹೊರತು ಸಂಖ್ಯೆಯನ್ನಲ್ಲ, ಅದನ್ನು ಇಂಟ್ (ಪೂರ್ಣಸಂಖ್ಯೆ) ಅಥವಾ ಫ್ಲೋಟ್ (ದಶಮಾಂಶ ಸಂಖ್ಯೆ) ಎಂದು ಬದಲಿಸಿಕೊಳ್ಳಬೇಕು ಎಂಬುದನ್ನು ಕಿಟಕಿ ಬೆಲೆಯ ಸುತ್ತ ಉದ್ಧರಣ ಚಿಹ್ನೆ ತೋರಿಸಿ ಹೇಳಿತು. ತಮಾಷೆಗೆ ಅಲ್ಲಿ ಕನ್ನಡ ಅಂಕಿಗಳಲ್ಲಿ ೫೨ ಎಂದು ಕೊಟ್ಟು ನೋಡಿದೆ. ಇಂಟ್ ಅದನ್ನು ಸಲೀಸಾಗಿ 52 ಎಂದು ಓದಿಕೊಂಡಿತು. ಆ ದಿನ ಮಂಡಿಯಲ್ಲಿ ಸಿಕ್ಕವರಿಗೆಲ್ಲ ಇದನ್ನೇ ಹೇಳಿದೆ.

ಇಷ್ಟು ಹೊಗಳಿದ ಮೇಲೆ ಇನ್ನು ದೂರಿಗೆ ಬರುತ್ತೇನೆ.

ಷರತ್ತು ನಿಜವಾಗಿರುವವರೆಗೆ ಸುತ್ತುವ ವೈಲ್ ಲೂಪಿನ ಪಾಠದ ಕೊನೆಯಲ್ಲಿ ಅಭ್ಯಾಸವೊಂದಿದೆ. ಸೊನ್ನೆಯಿಂದ ಆರಂಭಿಸಿ ಪ್ರತಿ ಸುತ್ತಿಗೆ ಹತ್ತು ಪೈಸೆ, ಅಂದರೆ 0.1 ರೂಪಾಯಿ ಸೇರಿಸುತ್ತಾ ಹೋಗಬೇಕು, ಒಂದು ರೂಪಾಯಿ ಆದಾಗ ನಿಲ್ಲಬೇಕು, ಎಷ್ಟು ಸುತ್ತು ಎಂದು ಹೇಳಬೇಕು. ಮೊತ್ತ ಒಂದಕ್ಕೆ ಸಮವಾಗಿಲ್ಲದಿರುವವರೆಗೆ ಸುತ್ತು ಎಂದು ನಾನು ಬರೆದೆ. ‘ಸಮಯ ಮೀರಿದೆ, ನಿಮ್ಮ ಲೂಪನ್ನು ಪರಿಶೀಲಿಸಿ’ ಎಂಬ ಕೆಂಪು ಪಟ್ಟಿ ಬಂತು. ಸರಿ, ನನ್ನ ನಂಬಿಕೆಯ ಕಿಟಕಿ ಇದೆಯಲ್ಲ ಎಂದು ಅದನ್ನು ತೆರೆದು ಒಂದೊಂದೇ ಹೆಜ್ಜೆ ಒತ್ತುತ್ತಾ ಹೋದೆ. 0.10, 0.20, 0.30 ಎಂದು ಶಿಸ್ತಾಗಿ ಏರಿ, ಹತ್ತನೆಯ ಸುತ್ತಿಗೆ ಕಿಟಕಿಯಲ್ಲಿ 1.00 ಎಂದು ಬಂತು. ನನ್ನ ಪೆನ್ಸಿಲಿನ ಅಂಕಿಗೂ ತಾಳೆಯಾಯಿತು, ಟಿಕ್ ಹಾಕಿದೆ. ಮುಂದಿನ ಗುಂಡಿಗೆ ಲೂಪ್ ನಿಲ್ಲಬೇಕಿತ್ತು, ಆದರೆ ಅದು 1.10 ಎಂದಿತು. ನಾನು ಇಂಡೆಂಟೇಶನ್ (ಸಾಲಿನ ಆರಂಭದಲ್ಲಿ ಬಿಡುವ ಜಾಗ) ತಿದ್ದಿದೆ, ಚಿಹ್ನೆ ತಿದ್ದಿದೆ, ಇಡೀ ಪಾಠವನ್ನು ಮತ್ತೆ ನೋಡಿದೆ. ಒಂದಲ್ಲ, ಮೂರು ಬೆಳಗು ಹೀಗೆಯೇ ಹೋದವು. ವರ್ಷಗಟ್ಟಲೆ ಲೆಕ್ಕ ಬರೆದವನಿಗೆ ಹತ್ತು ಹತ್ತಲಿ ನೂರು ಎಂಬುದೇ ಅನುಮಾನವಾಗುವ ಸ್ಥಿತಿ ಬಂದಿತ್ತು.

ಭಾನುವಾರ ಸಂಜೆ ಅಕ್ಕನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಮೂರನೆಯ ವರ್ಷದವನು. ಖಾರ ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೆರಳು ಒರೆಸಿಕೊಂಡು, ಅದೇ ಲೂಪನ್ನು ಆ್ಯಪ್ ಬಿಟ್ಟು ನೇರವಾಗಿ ಪೈಥಾನಿನಲ್ಲೇ ಓಡಿಸಿ ಪ್ರತಿ ಸುತ್ತಿನ ಮೊತ್ತವನ್ನು ಮುದ್ರಿಸಿದ. ಮೂರನೆಯ ಸುತ್ತಿನಲ್ಲೇ 0.30000000000000004 ಎಂದಿತ್ತು. ಹತ್ತನೆಯದರಲ್ಲಿ 0.9999999999999999.

‘ಮಾಮ, ಅದು ಒಂದಕ್ಕೆ ಸಮ ಆಗೋದೇ ಇಲ್ಲ. ಕಂಪ್ಯೂಟರು ಅರ್ಧ ಅರ್ಧ ಮಾಡ್ಕೊಂತ ಲೆಕ್ಕ ಹಿಡಿಯುತ್ತೆ, ಹತ್ತನೇ ಒಂದು ಪಾಲು ಅದಕ್ಕೆ ಪೂರ್ತಿ ಸಿಗಲ್ಲ. ನೀವು ಪೈಸೆಯಲ್ಲೇ ಲೆಕ್ಕ ಹಿಡೀರಿ’ ಎಂದ.

ಮೂರರಿಂದ ಒಂದನ್ನು ಭಾಗಿಸಿದರೆ ನಮ್ಮ ದಶಮಾಂಶದಲ್ಲಿ 0.333 ಎಂದು ಮುಗಿಯದೆ ಹೋಗುವಂತೆ, ಎರಡರ ಲೆಕ್ಕದಲ್ಲಿ ನಡೆಯುವ ಯಂತ್ರಕ್ಕೆ 0.1 ಮುಗಿಯದ ಸಂಖ್ಯೆ. ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಟುಕೊಳ್ಳುತ್ತದೆ. ಇದು ಪೈಥಾನಿನ ದೋಷವಲ್ಲ, ಬಹುತೇಕ ಎಲ್ಲ ಭಾಷೆಗಳಲ್ಲೂ ಹೀಗೆಯೇ. ಇದಕ್ಕೆ ನನ್ನ ತಕರಾರಿಲ್ಲ. ಓದಲು ಚೆಂದವಿರಲೆಂದು ಎರಡು ದಶಮಾಂಶ ಸ್ಥಾನಕ್ಕೆ ರೌಂಡ್ ಮಾಡಿ 1.00 ಎಂದು ತೋರಿಸಿದ ಕಿಟಕಿಯ ಮೇಲೆ ನನ್ನ ತಕರಾರು. ಹೊಸಬನೊಬ್ಬ ತನ್ನ ತಪ್ಪು ಹುಡುಕಲು ನಂಬಿಕೊಂಡಿರುವ ಜಾಗವೇ ಒಳಗಿನ ಬೆಲೆಯನ್ನು ಮುಚ್ಚಿಟ್ಟರೆ ಅವನು ತನ್ನ ಬುದ್ಧಿಯ ಮೇಲೆಯೇ ಅನುಮಾನಪಡುತ್ತಾನೆ. ಸಂಖ್ಯೆಗಳ ಪಾಠ ಇದಾದ ಮೇಲೆ ಆರು ಅಧ್ಯಾಯ ಕಳೆದು ಬರುತ್ತದೆ, ಅಭ್ಯಾಸ ಮಾತ್ರ ಇಲ್ಲಿದೆ. ಆ ಪಾಠದಲ್ಲೂ ರೌಂಡ್ ಎಂದರೆ ಅರ್ಧ ಬಂದಾಗ ಮೇಲಕ್ಕೆ ಏರಿಸುವುದು ಎಂದು ಹೇಳಿ ಮುಗಿಸಿದ್ದಾರೆ. ಪೈಥಾನಿನಲ್ಲಿ 53.5 ಕೊಟ್ಟರೆ 54 ಬರುತ್ತದೆ, ನಿಜ, 52.5 ಕೊಟ್ಟರೆ 52 ಬರುತ್ತದೆ, ಏಕೆಂದರೆ ಸರಿಯಾಗಿ ಅರ್ಧದಲ್ಲಿದ್ದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಅರ್ಧ ಕೆಜಿಗೆ ರೈತರು ಮಂಡಿಯಲ್ಲಿ ಜಗಳಕ್ಕೆ ನಿಲ್ಲುತ್ತಾರೆ, ನಿಲ್ಲಬೇಕಾದದ್ದೂ ಹೌದು.

ಸಹಾಯ ವಿಭಾಗಕ್ಕೆ ಎಲ್ಲವನ್ನೂ ವಿವರವಾಗಿ ಬರೆದೆ. ಒಂಬತ್ತು ದಿನದ ನಂತರ ‘ನಿಮ್ಮ ಕಲಿಕೆಯ ಉತ್ಸಾಹಕ್ಕೆ ಧನ್ಯವಾದ’ ಎಂಬ ಉತ್ತರ ಬಂತು. ಚಂದಾ ವಾಪಸ್ ಕೇಳೋಣ ಎಂದುಕೊಂಡೇ ಇದ್ದೆ.

ಕೇಳದೆ ಉಳಿದದ್ದು ಅಳಿಯ ಹೇಳಿದ ಆ ‘ಅರ್ಧ ಅರ್ಧ’ ಎಂಬ ಮಾತಿನಿಂದ. ನಮ್ಮ ಅಜ್ಜ ಕೊನೆಯವರೆಗೂ ಆಣೆಯಲ್ಲೇ ಮಾತಾಡಿದವರು. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ನೂರು ನಯಾಪೈಸೆ ಬಂದರೂ ಅವರ ಬಾಯಲ್ಲಿ ರೂಪಾಯಿಗೆ ಹದಿನಾರು ಆಣೆಯೇ ಉಳಿದಿತ್ತು. ಅರೆ, ಕಾಲು, ಅರೆಕಾಲು, ವೀಸ: ಪ್ರತಿಯೊಂದೂ ಹಿಂದಿನದರ ಅರ್ಧ. ಅಭ್ಯಾಸದಲ್ಲಿ 0.1 ಅಳಿಸಿ, ಒಂದು ಆಣೆಯ ಬೆಲೆ 0.0625 ಹಾಕಿ ಅದೇ ಲೂಪನ್ನು ಓಡಿಸಿದೆ. ಹದಿನಾರನೆಯ ಸುತ್ತಿಗೆ ಕರಾರುವಾಕ್ಕಾಗಿ ನಿಂತಿತು. ಕಿಟಕಿ ಆಗಲೂ ಎರಡೇ ಸ್ಥಾನ ತೋರಿಸುತ್ತಿತ್ತು, ಮೊದಲ ಸಾಲಿನಲ್ಲಿ 0.06 ಎಂದು, ಆದರೆ ಒಳಗಿದ್ದ ಬೆಲೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಜ್ಜನ ಲೆಕ್ಕ ಈ ಯಂತ್ರಕ್ಕೆ ನಮ್ಮ ಪೈಸೆಯ ಲೆಕ್ಕಕ್ಕಿಂತ ಹತ್ತಿರದ್ದು ಎಂದು ಗೊತ್ತಾದ ಆ ಬೆಳಿಗ್ಗೆ ಚಹಾ ಆರಿಹೋಗಿತ್ತು.

ಈಗ ನನ್ನ ತೂಕದ ಪ್ರೋಗ್ರಾಮಿನಲ್ಲಿ ಕಿಲೋ ಇಲ್ಲ, ಎಲ್ಲವೂ ಗ್ರಾಂ. ರೂಪಾಯಿ ಇಲ್ಲ, ಎಲ್ಲವೂ ಪೈಸೆ. ಪೂರ್ಣಸಂಖ್ಯೆಗಳಾದ್ದರಿಂದ ಕೂಡುವುದರಲ್ಲಿ ಕಸರು ಉಳಿಯುವುದಿಲ್ಲ. 1,475 ಕೆಜಿ ಜೋಳವನ್ನು 60 ಕೆಜಿಯ ಚೀಲಕ್ಕೆ ತುಂಬಿದರೆ ಎಷ್ಟಾಗುತ್ತದೆ ಎಂಬುದಕ್ಕೆ ಎರಡು ಓರೆಗೆರೆಯ ಭಾಗಾಕಾರ 24 ಎಂಬ ಭಾಗಲಬ್ಧವನ್ನೂ ಶೇಕಡಾ ಚಿಹ್ನೆ 35,000 ಗ್ರಾಂ, ಅಂದರೆ 35 ಕೆಜಿ, ಎಂಬ ಶೇಷವನ್ನೂ ಕೊಡುತ್ತವೆ. ಮುದ್ರಿಸುವ ಕೊನೆಯ ಸಾಲಿನಲ್ಲಿ ಮಾತ್ರ ಕಿಲೋ ಮತ್ತು ರೂಪಾಯಿಗೆ ತಿರುಗಿಸುತ್ತೇನೆ.

ಕಳೆದ ತಿಂಗಳ ಅಪ್‌ಡೇಟಿನಲ್ಲಿ ‘ಪೂರ್ಣ ಬೆಲೆ ತೋರಿಸು’ ಎಂಬ ಆಯ್ಕೆ ಬಂದಿದೆ. ಸೆಟ್ಟಿಂಗ್ಸ್ ಒಳಗೆ ಮೂರನೆಯ ಪುಟದಲ್ಲಿದೆ, ಮೊದಲಿನಿಂದ ಆಫ್ ಆಗಿಯೇ ಇರುತ್ತದೆ. ಹೆಜ್ಜೆ ಹೆಜ್ಜೆಯಾಗಿ ನಡೆಸಿ ತೋರಿಸುವ ಕೆಲಸವನ್ನು ಥಾನಿ ಎಂಬ ಉಚಿತ ತಂತ್ರಾಂಶವೂ ಮಾಡುತ್ತದೆ, ಇಂಗ್ಲಿಷ್ ಅಡ್ಡಿಯಾಗದವರು 1,800 ರೂಪಾಯಿ ಉಳಿಸಿಕೊಳ್ಳಬಹುದು. ನನಗೆ ಕನ್ನಡದ ವಿವರಣೆ ಬೇಕಾಗಿದ್ದರಿಂದ ಇನ್ನೊಂದು ವರ್ಷ ಕಟ್ಟುತ್ತೇನೆ. ಐದರಲ್ಲಿ ಮೂರು ನಕ್ಷತ್ರ; ಆ ಆಯ್ಕೆ ಮೊದಲಿನಿಂದಲೇ ಆನ್ ಆಗಿ ಬಂದ ದಿನ ನಾಲ್ಕಕ್ಕೆ ಏರಿಸುತ್ತೇನೆ.